ಬಾಟಲಿಯ ಬೀನ್ಸ್‌ಗೆ ಕುಕ್ಕರ್ ಸೀಟಿ ಸಾಲದು

ಮಾನ್ಯ ಸಂಪಾದಕರೇ,

ಹೊರದೇಶದ ಕನ್ನಡಿಗರ ಕೈತೋಟಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನವನ್ನು ಖುಷಿಯಿಂದ ಓದುತ್ತಾ ಹೋದೆ. ಆದರೆ ಮಿಕ್ಕ ಬೀನ್ಸನ್ನು ಗಾಜಿನ ಬಾಟಲಿಗೆ ತುಂಬಿ ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿದರೆ ವರ್ಷವಿಡೀ ಕೆಡುವುದಿಲ್ಲ ಎಂಬ ಕೊನೆಯ ಸಲಹೆ ಕಂಡು ಎದೆ ಧಸಕ್ಕೆಂದಿತು. ದಯವಿಟ್ಟು ಯಾರೂ ಹೀಗೆ ಮಾಡಬೇಡಿ.

ನಾನು ಸಾಗರದ ಕಡೆಯವಳು. ಕೆನಡಾದ ಎಡ್ಮಂಟನ್‌ಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಇಲ್ಲಿ ಮೇ ತಿಂಗಳ ವಿಕ್ಟೋರಿಯಾ ದಿನದ ರಜೆ ಬರುವವರೆಗೆ ಟೊಮೆಟೊ ಸಸಿಯನ್ನು ಹೊರಗೆ ನೆಡಲು ಧೈರ್ಯ ಬರುವುದಿಲ್ಲ. ಸೆಪ್ಟೆಂಬರ್ ಬಂದರೆ ಯಾವ ರಾತ್ರಿ ಹಿಮ ಕೂರುತ್ತದೋ ಎಂದು ಹಳೆಯ ಹೊದಿಕೆಗಳನ್ನು ಗಿಡಗಳ ಮೇಲೆ ಹೊದಿಸುತ್ತೇವೆ. ನಡುವೆ ಸಿಗುವ ನಾಲ್ಕು ತಿಂಗಳಲ್ಲಿ, ಹದಿನೇಳು ಗಂಟೆಯ ಜೂನ್ ಹಗಲಿನಲ್ಲಿ, ಬಳ್ಳಿ ನೋಡನೋಡುತ್ತಲೇ ಮೇಲೇರುತ್ತದೆ. ಆಗಸ್ಟ್‌ನಲ್ಲಿ ಕೊಯ್ದಷ್ಟೂ ಬೀನ್ಸ್. ಚಳಿಗಾಲಕ್ಕೆ ಇರಲಿ ಎಂದು ಆಸೆಯಾಗುವುದು ಸಹಜ.

ನಾನೂ ಒಮ್ಮೆ ಹನ್ನೊಂದು ಬಾಟಲಿ ತುಂಬಿ, ಕುದಿಯುವ ನೀರಿನಲ್ಲಿ ಒಂದು ಗಂಟೆ ಮುಳುಗಿಸಿ ಇಟ್ಟಿದ್ದೆ. ಆರುತ್ತಿದ್ದಂತೆ ಮುಚ್ಚಳಗಳು ಟಕ್ ಟಕ್ ಎಂದು ಒಳಕ್ಕೆ ಸೆಳೆದುಕೊಂಡವು. ತಿಳಿಯಾದ ನೀರು, ಒಳಗೆ ನೆಟ್ಟಗೆ ನಿಂತ ಕಾಯಿ. ಪಕ್ಕದ ಮನೆಯ ಉಕ್ರೇನ್ ಮೂಲದ ಅಜ್ಜಿಗೆ ಒಂದನ್ನು ಕೊಡಲು ಹೋದೆ. "ಪ್ರೆಷರ್ ಕ್ಯಾನರಿನಲ್ಲಿ ಮಾಡಿದೆಯಾ?" ಎಂದು ಕೇಳಿದರು. ಬಾಟಲಿಗಳನ್ನು ಹೆಚ್ಚಿನ ಒತ್ತಡದ ಆವಿಯಲ್ಲಿ ಕಾಯಿಸುವ ದೊಡ್ಡ ಪಾತ್ರೆ ಅದು. ಇಲ್ಲವೆಂದೆ. ಬಾಟಲಿ ಹಿಡಿದುಕೊಂಡೇ ನಮ್ಮ ಮನೆಗೆ ಬಂದು, ಹನ್ನೊಂದನ್ನೂ ಮುಚ್ಚಳ ತೆಗೆಯದೆ ದಪ್ಪ ಚೀಲದಲ್ಲಿ ಕಟ್ಟಿಸಿ ಕಸಕ್ಕೆ ಹಾಕಿಸಿದರು. ಆ ಉಪಕಾರವನ್ನು ನಾನು ಮರೆತಿಲ್ಲ.

ಮಣ್ಣಿನಲ್ಲಿರುವ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿಗೆ ಸಾಯುವುದಿಲ್ಲ. ಗಾಳಿಯೂ ಹುಳಿಯೂ ಇಲ್ಲದ ಬಾಟಲಿಯಲ್ಲಿ ಅವು ಮೊಳೆತು ವಿಷ ಬಿಡುತ್ತವೆ. ಆ ವಿಷ ಕಣ್ಣಿಗೆ, ಮೂಗಿಗೆ, ನಾಲಿಗೆಗೆ ಗೊತ್ತಾಗುವುದಿಲ್ಲ. ಒಳಗೆ ಹೋದರೆ ನೋಟ ಎರಡೆರಡಾಗುತ್ತದೆ, ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಉಸಿರಾಟವೇ ನಿಲ್ಲಬಹುದು. 2015ರಲ್ಲಿ ಅಮೆರಿಕದ ಒಹಾಯೊದಲ್ಲಿ ಚರ್ಚೊಂದರ ಊಟದಲ್ಲಿ, ಹೀಗೆ ಕುದಿನೀರಿನಲ್ಲಿ ಬಾಟಲಿ ಮಾಡಿದ್ದ ಆಲೂಗಡ್ಡೆಯ ಸಲಾಡ್ ತಿಂದು 29 ಮಂದಿ ಕಾಯಿಲೆ ಬಿದ್ದರು, ಒಬ್ಬರು ತೀರಿಕೊಂಡರು.

ಕುಕ್ಕರಿನೊಳಗೆ ಶಾಖ ನೂರು ಡಿಗ್ರಿ ದಾಟುತ್ತದೆ, ನಿಜ. ಆದರೆ ಪರೀಕ್ಷೆ ಮಾಡಿ ಗೊತ್ತುಪಡಿಸಿದ ಸಮಯವು ದೊಡ್ಡ ಕ್ಯಾನರ್ ನಿಧಾನವಾಗಿ ಕಾದು ನಿಧಾನವಾಗಿ ಆರುವುದನ್ನೂ ಲೆಕ್ಕಕ್ಕೆ ಹಿಡಿದದ್ದು. ಚಿಕ್ಕ ಕುಕ್ಕರ್ ಬೇಗ ಕಾದು ಬೇಗ ಆರುತ್ತದೆ. ಬಾಟಲಿಯ ನಟ್ಟನಡುವಿನ ಕಾಯಿಗೆ ಎಷ್ಟು ಶಾಖ ತಾಗಿತೆಂದು ಸೀಟಿ ಹೇಳುವುದಿಲ್ಲ. ಊರಿನ ಎತ್ತರವೂ ಮುಖ್ಯ; ಎತ್ತರ ಹೆಚ್ಚಿದಷ್ಟೂ ಒತ್ತಡ ಹೆಚ್ಚು ಬೇಕು. ಎಡ್ಮಂಟನ್ ಸುಮಾರು 650 ಮೀಟರ್ ಎತ್ತರದಲ್ಲಿದೆ. ವೇಟ್ ಇರುವ ಕ್ಯಾನರಿನಲ್ಲಿ 15 ಪೌಂಡ್ ಒತ್ತಡದಲ್ಲಿ ಅರ್ಧ ಲೀಟರಿನ ಬೀನ್ಸ್ ಬಾಟಲಿಗೆ 20 ನಿಮಿಷ ಬೇಕು. ಬೆಂಗಳೂರು ಇದಕ್ಕಿಂತಲೂ ಎತ್ತರ.

"ಮಿಡಿ ಉಪ್ಪಿನಕಾಯಿ ವರ್ಷಗಟ್ಟಲೆ ಇರುವುದಿಲ್ಲವೇ?" ಎಂದು ಊರಿನಿಂದ ಬಂದಿದ್ದ ಅಮ್ಮ ಕೇಳಿದ್ದರು. ಅದನ್ನು ಕಾಯುವುದು ಮಾವಿನ ಹುಳಿ ಮತ್ತು ಅವರು ಕೈತುಂಬ ಹಾಕುವ ಉಪ್ಪು. ಬೀನ್ಸ್‌ಗೆ ಆ ಕಾವಲಿಲ್ಲ. ಟೊಮೆಟೊದ ಹುಳಿಯನ್ನೂ ನಂಬುವಂತಿಲ್ಲ. ಅರ್ಧ ಲೀಟರ್ ಬಾಟಲಿಗೆ ಒಂದು ದೊಡ್ಡ ಚಮಚ ನಿಂಬೆರಸ, ಅದೂ ಹುಳಿಯ ಪ್ರಮಾಣ ಒಂದೇ ಸಮ ಇರುವ ಅಂಗಡಿಯ ಬಾಟಲಿಯದು, ಬೆರೆಸಲೇಬೇಕು. ಎಣ್ಣೆಯಲ್ಲಿ ಮುಳುಗಿಸಿದ ಹಸಿ ಬೆಳ್ಳುಳ್ಳಿಯನ್ನಂತೂ ಫ್ರಿಜ್‌ನಿಂದ ಹೊರಗೆ ಇಡಲೇಬಾರದು.

ಕ್ಯಾನರ್ ಇಲ್ಲದವರಿಗೆ ಫ್ರೀಜರ್ ಸಾಕು. ನಾನು ಬೀನ್ಸನ್ನು ಮೂರು ನಿಮಿಷ ಕುದಿನೀರಿನಲ್ಲಿ ಅದ್ದಿ, ಐಸ್ ನೀರಿಗೆ ಹಾಕಿ, ನೀರು ಬಸಿದು ಚೀಲ ಕಟ್ಟುತ್ತೇನೆ. ಜನವರಿಯಲ್ಲಿ ಪಲ್ಯಕ್ಕೆ ತೆಗೆದರೆ ಹಸಿರು ಹಾಗೇ ಇರುತ್ತದೆ.

ಇಲ್ಲಿ ಈಗ ಕೊಯ್ಲಿನ ಕಾಲ. ನಿಮ್ಮ ಲೇಖನ ಓದಿ ಇವತ್ತೇ ಬಾಟಲಿ ತೊಳೆಯುತ್ತಿರುವವರು ಇರಬಹುದು. ತಿದ್ದುಪಡಿಯನ್ನು ಮುಂದಿನ ವಾರದ ಪುರವಣಿಯಲ್ಲೇ, ಅದೇ ಪುಟದಲ್ಲಿ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

– ಗೃಹಿಣಿ, ಎಡ್ಮಂಟನ್, ಕೆನಡಾ