ಡಬ್ಬಿ ಬಂದರೆ ಹೆದರಬೇಡ

ಚಿ. ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನಾನು ಕೊಟ್ಟ ಕಂಪ್ಯೂಟರಿನಲ್ಲಿ ಎಡಿಟರ್ (ಕೋಡ್, ಬರಹ ಟೈಪ್ ಮಾಡುವ ತಂತ್ರಾಂಶ) ಇನ್‌ಸ್ಟಾಲ್ ಆಗುತ್ತಿಲ್ಲ, ಎರಡು ದಿನದಿಂದ ನೀನು ಮುಖ ಊದಿಸಿಕೊಂಡಿದ್ದೀಯ ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಗುಜರಿಗೆ ಹಾಕಿ ಅಂದೆಯಂತೆ. ಸ್ವಲ್ಪ ತಡಿ ಮಾರಾಯ್ತಿ.

ಮೊದಲು ಸ್ಕ್ರೀನಿನ ಮೂಲೆಯಲ್ಲಿರುವ ತಾರೀಖು ನೋಡು. ಸ್ವಿಚ್ ಆಫ್ ಮಾಡಿದಾಗಲೆಲ್ಲ ಅದು 2009ಕ್ಕೆ ಓಡುವ ಚಾಳಿ ನನ್ನ ಹತ್ತಿರ ಇದ್ದಾಗಲೇ ಶುರುವಾಗಿತ್ತು. ವೆಬ್‌ಸೈಟುಗಳ ಸರ್ಟಿಫಿಕೇಟಿಗೆ, ಅಂದರೆ ಸೈಟ್ ಅಸಲಿ ಅನ್ನುವ ಗುರುತುಚೀಟಿಗೆ, ಇಷ್ಟು ದಿನ ಅಂತ ಅವಧಿ ಇರುತ್ತದೆ. ನಿನ್ನ ಕಂಪ್ಯೂಟರಿನ ಲೆಕ್ಕದಲ್ಲಿ ಆ ಅವಧಿ ಶುರುವಾಗುವ ದಿನ ಇನ್ನೂ ಬಂದೇ ಇಲ್ಲ! ಅದಕ್ಕೇ ಬ್ರೌಸರ್ ‘ಈ ಸೈಟ್ ಸುರಕ್ಷಿತವಲ್ಲ’ ಅನ್ನುತ್ತದೆ. ಮದರ್‌ಬೋರ್ಡಿನ ಸೆಲ್ ಬದಲಿಸಿ, ತಾರೀಖು ಒಮ್ಮೆ ಸರಿಮಾಡಿದರೆ ಆಯಿತು; ಸ್ವಿಚ್ ಆಫ್ ಆದಾಗ ಗಡಿಯಾರ ನಡೆಸುವುದು ಅದೇ. ಸಿಆರ್ 2032 ಅಂತ ಕೇಳು, ನಾಣ್ಯದ ಹಾಗಿರುತ್ತದೆ. ತೆಗೆಯುವ ಮುಂಚೆ ವೈರ್ ಪ್ಲಗ್ಗಿನಿಂದ ಕಿತ್ತಿರಲಿ.

ಆಮೇಲೆ, ಅದು 32 ಬಿಟ್‌ನ ವಿಂಡೋಸ್ 7. 64 ಬಿಟ್‌ನ ಫೈಲ್ ತಂದು ನೂರು ಸಲ ಕ್ಲಿಕ್ ಮಾಡಿದರೂ ಏಳಲ್ಲ. ಡೌನ್‌ಲೋಡ್ ಪುಟದಲ್ಲಿ ಎಕ್ಸ್86 ಅಂತ ಇದ್ದರೆ ಅದೇ 32 ಬಿಟ್. 64ಕ್ಕಿಂತ 86 ದೊಡ್ಡದಲ್ವಾ ಅಂತ ನಾನೂ ಒಮ್ಮೆ ಮೋಸಹೋಗಿದ್ದೆ.

ನಿನ್ನ ಸ್ನೇಹಿತರೆಲ್ಲ ವಿಎಸ್ ಕೋಡ್ ಅನ್ನುವ ಎಡಿಟರ್ ಹಾಕಿಕೊಂಡಿದ್ದಾರೆ, ಗೊತ್ತು. ವಿಂಡೋಸ್ 7ಕ್ಕೆ ಅದರ 1.70ನೇ ಆವೃತ್ತಿಯೇ ಕೊನೆ, 2022ರದ್ದು. ಅದನ್ನು ಹಾಕಿದರೂ ಅದರ ಹೊಟ್ಟೆಯೊಳಗೆ ಒಂದು ಇಡೀ ಬ್ರೌಸರ್ ಕೂತಿದೆ. 2 ಜಿಬಿ ರ್‍ಯಾಮ್ ಏದುಸಿರು ಬಿಡುತ್ತದೆ. ಸುಮ್ನೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹಾಕಿಕೋ, ಅದು ಹಗುರವಾದ ಎಡಿಟರ್. ಡಿಎಲ್ಎಲ್ (ತಂತ್ರಾಂಶ ಓಡಲು ಬೇಕಾದ ಸಹಾಯಕ ಫೈಲ್) ಇಲ್ಲ ಅಂತ ಎರರ್ ಬಂದರೆ, ಆ ಹೆಸರು ಹುಡುಕಿ ಸಿಕ್ಕ ಸೈಟಿನಿಂದ ತಂದು ಸುರಿಯಬೇಡ. ಅದರ ಜೊತೆ ಏನೇನು ಬರುತ್ತದೋ ದೇವರಿಗೇ ಗೊತ್ತು.

ಇನ್ನು ಕನ್ನಡದ ಗೋಳು. ಇದನ್ನು ನಿಧಾನವಾಗಿ ಓದು.

ಅಕ್ಷರದ ಜಾಗದಲ್ಲಿ ಡಬ್ಬಿ ಡಬ್ಬಿ ಕಂಡರೆ ಹೆದರಬೇಡ. ಫಾಂಟ್ ಇಲ್ಲ ಅಷ್ಟೇ, ಬರೆದದ್ದು ಭದ್ರವಾಗಿದೆ. ಫಾಂಟ್ ಪಟ್ಟಿಯಲ್ಲಿ ತುಂಗಾ ಆರಿಸು. ತಲೆಯ ಮೇಲೆ ಗೆರೆ ಇರುವ ಇಂಗ್ಲಿಷ್ ಎ ಅಕ್ಷರಗಳು ಸಾಲಾಗಿ ಬಂದರೂ ಭಯವಿಲ್ಲ. ಯುಟಿಎಫ್-8 ಅಂದರೆ ಅಕ್ಷರಗಳನ್ನು ಕಂಪ್ಯೂಟರಿನ ಅಂಕಿಗಳಾಗಿ (ಬೈಟ್) ಬರೆದಿಡುವ ಒಂದು ಪದ್ಧತಿ, ಒಂದು ಎನ್‌ಕೋಡಿಂಗ್. ಅದರಲ್ಲಿ ನಮ್ಮ ‘ಕ’ಕ್ಕೆ ಮೂರು ಬೈಟ್ ಬೇಕು. ಎಡಿಟರ್ ಆ ಮೂರನ್ನೂ ಬೇರೆ ಬೇರೆ ಅಕ್ಷರ ಅಂದುಕೊಂಡು ಓದುತ್ತಿದೆ. ಎನ್‌ಕೋಡಿಂಗ್ ಮೆನುವಿನಲ್ಲಿ ಯುಟಿಎಫ್-8 ಒತ್ತಿದರೆ ಸರಿಹೋಗುತ್ತದೆ. ಆದರೆ ಸೇವ್ ಮಾಡಿ ಮುಚ್ಚಿ ತೆರೆದ ಫೈಲಿನಲ್ಲಿ ಬರೀ ಪ್ರಶ್ನೆ ಚಿಹ್ನೆ ಕಂಡರೆ ಕೆಲಸ ಕೆಟ್ಟಿತು. ಅಲ್ಲಿ ಅಕ್ಷರವೇ ಉಳಿದಿಲ್ಲ.

ಇದು ಅನುಭವದ ಮಾತು. ಅಜ್ಜಿಯನ್ನು ಕೂರಿಸಿಕೊಂಡು ಹಸೆ ಹಾಡುಗಳನ್ನು ಇದೇ ಕಂಪ್ಯೂಟರಿನಲ್ಲಿ, ಮಾಮೂಲಿ ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡಿದ್ದೆ. ಸೇವ್ ಮಾಡುವಾಗ ಅದು ಎಚ್ಚರಿಸಿತ್ತು: ಆನ್ಸಿಯಲ್ಲಿ (ಕನ್ನಡಕ್ಕೆ ಜಾಗವಿಲ್ಲದ ಹಳೆಯ ಎನ್‌ಕೋಡಿಂಗ್) ಉಳಿಸಿದರೆ ಅಕ್ಷರ ಹೋಗುತ್ತದೆ ಅಂತ. ಓದದೆ ಓಕೆ ಒತ್ತಿದೆ. ಮರುದಿನ ತೆರೆದರೆ ಮೂರು ಪುಟ ಪ್ರಶ್ನೆ ಚಿಹ್ನೆ. ಮತ್ತೆ ಹಾಡಿಸಲು ಕೂತಾಗ ಎರಡು ಹಾಡಿನ ನಡುವಿನ ಸಾಲು ಅಜ್ಜಿಗೇ ಮರೆತುಹೋಗಿತ್ತು. ನನ್ನ ಮೇಲೆ ಸಿಟ್ಟಾಗಲಿಲ್ಲ, ಯಂತ್ರಕ್ಕೆ ಚೆನ್ನಾಗಿ ಬೈದಳು. ಅದರ ತಪ್ಪೇನೂ ಇರಲಿಲ್ಲ, ಅದು ಕೇಳಿಯೇ ಕೇಳಿತ್ತು.

ಅದಕ್ಕೇ, ಎರರ್ ಬಂದರೆ ಪಟಕ್ಕನೆ ಮುಚ್ಚಬೇಡ. ಇಡೀ ಸಾಲು ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೋ ತೆಗೆದು ನನಗೆ ಕಳಿಸು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು, ಏನು ಮಾಡಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡು.

ಸೆಲ್ ಹಾಕಲು ಕ್ಯಾಬಿನೆಟ್ ಬಿಚ್ಚಿದಾಗ ಫ್ಯಾನಿನ ಧೂಳನ್ನೂ ಒರೆಸಿಬಿಡು. ಭಾನುವಾರ ಸಂಜೆ ಫೋನ್ ಮಾಡುತ್ತೇನೆ, ಕಂಪ್ಯೂಟರ್ ಮುಂದೆಯೇ ಕೂತಿರು.

ಇತಿ,
ನಿನ್ನ ಮಾವ