ಪಿಟಿ ಮೇಷ್ಟ್ರು ಕೋಚ್ ಆಗ್ಬಾರ್ದಾ?

ಮಾನ್ಯ ಸಂಪಾದಕರೇ,

ನಮ್ ಕೊಡಗಲ್ಲಿ ಬೇಸಿಗೆ ಬಂತು ಅಂದ್ರೆ ಆ ಕಡೆ ಮನೆತನಗಳ ಮಧ್ಯೆ ನಡೆಯೋ ಕೌಟುಂಬಿಕ ಹಾಕಿ, ಈ ಕಡೆ ಸುಂಟಿಕೊಪ್ಪದಲ್ಲಿ ಫುಟ್ಬಾಲು, ಟೀಮ್ ಕಟ್ಟೋ ಗಲಾಟೆ ಶುರು. ಕೋಚ್ ಯಾರು ಅನ್ನೋ ಮಾತು ಬಂದ ಕೂಡ್ಲೇ ಎಲ್ರೂ ಕೇಳೋದು ಒಂದೇ, ಅವ್ರು ಎಲ್ಲಿವರೆಗೆ ಆಡಿದಾರೆ, ಸ್ಟೇಟಾ ನ್ಯಾಷನಲ್ಲಾ ಅಂತ. ವರ್ಷಗಟ್ಟಲೆ ಸ್ಕೂಲ್ ಮಕ್ಕಳನ್ನ ಮಳೆ ಕೆಸರು ನೋಡದೆ ತಯಾರು ಮಾಡಿದ ಪಿಟಿ ಮೇಷ್ಟ್ರ ಹೆಸರು ಯಾರಾದ್ರೂ ಎತ್ತಿದ್ರೆ ನಕ್ಕು ಸುಮ್ನಾಗ್ತಾರೆ. ಹಿಂಗೆ ನಗೋರು ಹಾಲೆಂಡಿನ ಫುಟ್ಬಾಲ್ ಕೋಚ್ ಗುಸ್ ಹಿಡಿಂಕ್ ಬಗ್ಗೆ ಸ್ವಲ್ಪ ತಿಳ್ಕೊಂಡ್ರೆ ಒಳ್ಳೇದು ಅಂತ ಈ ಪತ್ರ.

ಡಚ್ ಫುಟ್ಬಾಲ್ ಅಂದ್ರೆ ನಮ್ಮವರ ಬಾಯಲ್ಲಿ ಬರೋದು ಕ್ರೈಫ್, ಗುಲ್ಲಿಟ್, ವ್ಯಾನ್ ಬಾಸ್ಟನ್. ಹಿಡಿಂಕ್ ಆಟಗಾರನಾಗಿ ಆ ಸಾಲಿಗೆ ಸೇರಿದೋನೇ ಅಲ್ಲ. 1946ರಲ್ಲಿ ಒಂದು ಹಳ್ಳಿಲಿ ಹುಟ್ಟಿ, ಡಿ ಗ್ರಾಫ್‌ಸ್ಕಾಪ್ ಅನ್ನೋ ಸಣ್ಣ ಕ್ಲಬ್ಬಲ್ಲಿ ಮಿಡ್‌ಫೀಲ್ಡ್ ಆಡ್ಕೊಂಡಿದ್ದ, ಮಧ್ಯೆ ಸ್ವಲ್ಪ ದಿನ ಪಿಎಸ್‌ವಿ ಅನ್ನೋ ದೊಡ್ಡ ಕ್ಲಬ್ಬಲ್ಲಿ, ದೇಶದ ಟೀಮಿಗೆ ಒಂದೇ ಒಂದು ಮ್ಯಾಚೂ ಆಡಿಲ್ಲ. ಆಡ್ತಾ ಇರುವಾಗ್ಲೇ ಕಲಿಕೆ ಕಷ್ಟ ಇರೋ, ಹಟ ಮಾಡೋ ಮಕ್ಕಳ ಸ್ಕೂಲಲ್ಲಿ ವ್ಯಾಯಾಮ ಶಿಕ್ಷಕನ ಕೆಲಸ ಮಾಡ್ತಿದ್ದ. ಅಂದ್ರೆ ನಮ್ ಲೆಕ್ಕದಲ್ಲಿ ಪಿಟಿ ಮೇಷ್ಟ್ರು!

ಈ ಮೇಷ್ಟ್ರೇ 1988ರಲ್ಲಿ ಪಿಎಸ್‌ವಿಗೆ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಗೆಲ್ಲಿಸಿದ್ದು. ಅದೂ ಹೆಂಗೆ, ಕ್ವಾರ್ಟರ್ ಫೈನಲ್ಲಿಂದ ಆಡಿದ ಐದೂ ಮ್ಯಾಚ್ ಡ್ರಾ, ಫೈನಲ್ಲಲ್ಲಿ ಬೆನ್ಫಿಕಾ ಮೇಲೆ ಪೆನಾಲ್ಟಿಲಿ 6-5. ನೋಡೋಕೆ ಚೆಂದ ಇತ್ತು ಅಂತ ನಾನೇನೂ ಹೇಳಲ್ಲ, ಆದ್ರೆ ಕಪ್ ಕಪ್ಪೇ.

ಅಸಲಿ ಕೆಲಸ ಕಾಣೋದು ದಕ್ಷಿಣ ಕೊರಿಯಾದಲ್ಲಿ. 2002ಕ್ಕೆ ಮುಂಚೆ ಐದು ವಿಶ್ವಕಪ್ ಆಡಿ ಒಂದು ಮ್ಯಾಚೂ ಗೆಲ್ಲದ ದೇಶ ಅದು. ಆಟಗಾರರಿಗೆ ದಮ್ಮು ಇದೆ, ಸ್ಕಿಲ್ ಇಲ್ಲ ಅಂತ ಅಲ್ಲಿ ಎಲ್ಲರೂ ನಂಬಿದ್ರು, ಇವನು ಬಂದು ಉಲ್ಟಾ ಹೇಳ್ದ, ಸ್ಕಿಲ್ ಸಾಕಷ್ಟಿದೆ, ದಮ್ಮೇ ಸಾಲ್ದು ಅಂತ, ಹೇಳಿ ತಿಂಗಳುಗಟ್ಟಲೆ ಓಡಿಸ್ದ. 2001ರಲ್ಲಿ ಫ್ರಾನ್ಸ್ ಕೈಲಿ 5-0, ಚೆಕ್ ಕೈಲೂ 5-0 ಸೋತಾಗ ಅಲ್ಲಿನ ಪೇಪರ್‌ನೋರು ಇವನಿಗೆ ಐದು-ಸೊನ್ನೆ ಅಂತಲೇ ಅಡ್ಡಹೆಸರು ಇಟ್ರು. ಇನ್ನೊಂದು ವಿಷ್ಯ ಇವನ ಕಣ್ಣಿಗೆ ಬಿದ್ದಿದ್ದು, ಕಿರಿಯರು ಫೀಲ್ಡಲ್ಲಿ ಸೀನಿಯರ್ ಮುಂದೆ ಬಾಯೇ ಬಿಡ್ತಿರಲಿಲ್ಲ, ಊಟಕ್ಕೂ ಅವರವರ ವಯಸ್ಸಿನೋರೇ ಸೇರಿ ಕೂರ್ತಿದ್ರು. ಆಟದೊಳಗೆ ಮರ್ಯಾದೆ ಮಾತು ಬೇಡ, ಹೆಸರು ಹಿಡಿದೇ ಕೂಗಿ, ಊಟಕ್ಕೆ ಬೆರೆತು ಕೂತ್ಕೊಳ್ಳಿ ಅಂದ. ನಮ್ ಒಕ್ಕದ (ಮನೆತನದ) ಟೀಮುಗಳನ್ನ ನೋಡಿದೋರಿಗೆ ಇದು ಎಷ್ಟು ಕಷ್ಟದ ಕೆಲಸ ಅಂತ ಗೊತ್ತಿರುತ್ತೆ, ಗೋಲ್ ಮುಂದೆ ಖಾಲಿ ನಿಂತಿರೋ ಹುಡುಗ "ಮಾವ ಪಾಸ್ ಕೊಡಿ" ಅಂತ ಕೂಗೋಕೂ ಹಿಂಜರಿತಾನೆ, ಮಾವ ತಾನೇ ಹೊಡೆದು ಹೊರಗೆ ಹಾಕ್ತಾರೆ, ಯಾರೂ ಏನೂ ಅನ್ನಂಗಿಲ್ಲ.

ಆಮೇಲೆ ಆಗಿದ್ದು ಗೊತ್ತಲ್ಲ. 2002ರ ವಿಶ್ವಕಪ್ಪಲ್ಲಿ ಪೋಲೆಂಡ್ ಮೇಲೆ 2-0, ಪೋರ್ಚುಗಲ್ ಮೇಲೆ 1-0, ಇಟಲಿ ಮೇಲೆ ಎಕ್ಸ್‌ಟ್ರಾ ಟೈಮಲ್ಲಿ ಗೋಲ್ಡನ್ ಗೋಲ್ (ಮೊದಲು ಗೋಲ್ ಹೊಡೆದೋರೇ ಗೆದ್ದಂಗೆ), ಸ್ಪೇನಿಗೆ ಪೆನಾಲ್ಟಿಲಿ ಸೋಲು, ಕೊರಿಯಾ ಸೆಮಿಫೈನಲ್ಲಿಗೆ! ರೆಫರಿ ಸಹಾಯ ಇತ್ತು ಅಂತ ಇಟಲಿಯೋರು ಈಗ್ಲೂ ಬೈತಾರೆ, ಅದ್ರಲ್ಲಿ ಸ್ವಲ್ಪ ನಿಜಾನೂ ಇದೆ ಅಂತ ನನ್ನ ಅನಿಸಿಕೆ, ಆದ್ರೂ ಎಕ್ಸ್‌ಟ್ರಾ ಟೈಮಲ್ಲಿ ಓಡೋ ಕಾಲು ರೆಫರಿ ಕೊಟ್ಟಿದ್ದಲ್ಲ. 2006ರಲ್ಲಿ ಆಸ್ಟ್ರೇಲಿಯಾನ 32 ವರ್ಷ ಆದ್ಮೇಲೆ ವಿಶ್ವಕಪ್ಪಿಗೆ ಕರ್ಕೊಂಡು ಹೋದ, 2008ರ ಯೂರೋ ಕಪ್ಪಲ್ಲಿ (ಯುರೋಪ್ ದೇಶಗಳ ಟೂರ್ನಿ) ರಷ್ಯಾ ಕೋಚ್ ಆಗಿ ತನ್ನ ದೇಶ ಹಾಲೆಂಡನ್ನೇ 3-1 ಹೊಡೆದ. ಸೋತಿದ್ದೂ ಇದೆ, ರಿಯಲ್ ಮ್ಯಾಡ್ರಿಡ್ ಕೆಲಸದಿಂದ ತೆಗೆದ್ರು, 2015ರಲ್ಲಿ ಹಾಲೆಂಡ್ ಟೀಮನ್ನ ಅರ್ಧಕ್ಕೇ ಬಿಟ್ಟ.

ದೊಡ್ಡ ಆಟಗಾರರು ಕೋಚ್ ಆಗ್ಲೇಬಾರದು ಅಂತ ನಾನು ಹೇಳ್ತಿಲ್ಲ. ನಮ್ಮ ಎಂ.ಪಿ. ಗಣೇಶ್ ಅವರು ಭಾರತ ಹಾಕಿ ಟೀಮಿನ ಕ್ಯಾಪ್ಟನ್ನೂ ಆಗಿದ್ರು, ಕೋಚೂ ಆಗಿದ್ರು. ಆದ್ರೆ ಅಂಥವರು ಊರಿಗೊಬ್ಬರು ಸಿಗ್ತಾರಾ ಸ್ವಾಮಿ? ಇಲ್ಲಿ ನಡೆಯೋದು ಏನಂದ್ರೆ, ಹೆಸರಿರೋರನ್ನ ಟೂರ್ನಮೆಂಟ್ ಹತ್ರ ಬಂದಾಗ ಕರೆಸಿ ಶಾಲು ಹೊದಿಸಿ ಬೆಂಚಲ್ಲಿ ಕೂರಿಸ್ತಾರೆ, ಹುಡುಗರ ಮಂಡಿ ನೋವು, ಮನೆ ಕಷ್ಟ, ಯಾರಿಗೆ ಯಾವ ಪೊಸಿಷನ್ ಅನ್ನೋದೆಲ್ಲ ಗೊತ್ತಿರೋ ಮೇಷ್ಟ್ರು ಮಾತ್ರ ಬೇಲಿ ಆಚೆ ನಿಂತು ನೋಡ್ಬೇಕು.

ಕಮಿಟಿಯೋರು ಈ ಸಲನಾದ್ರೂ ಅಂಡರ್-14, ಅಂಡರ್-17 ಟೀಮುಗಳನ್ನ ಇಂಥವರ ಕೈಗೆ ಪೂರ್ತಿ ವರ್ಷಕ್ಕೆ ಕೊಟ್ಟು ನೋಡ್ಲಿ, ಕೋಚಿಂಗ್ ಲೈಸೆನ್ಸ್ ಕೋರ್ಸಿಗೆ ಫೀಸ್ ಕಟ್ಟಿ ಕಳಿಸ್ಲಿ. ನಿಮ್ಮಲ್ಲೂ ಒಂದು ವಿನಂತಿ, ಗೆದ್ದ ಟೀಮಿನ ಫೋಟೋ ಹಾಕುವಾಗ ಟ್ರೋಫಿ ಕೊಟ್ಟ ಅತಿಥಿಗಳ ಹೆಸರೆಲ್ಲ ಬರುತ್ತೆ, ಅದರ ಜೊತೆ ತರಬೇತಿ ಕೊಟ್ಟೋರ ಹೆಸರನ್ನೂ ಹಾಕಿ.

– ಒಬ್ಬ ಓದುಗ, ಸುಂಟಿಕೊಪ್ಪ