ಮಗಳಿಗೊಂದು ಪತ್ರ: ಹಸಿರು ಗಂಟು

ಪುಟ್ಟೀ,

"ಆ ಪೇಷಂಟ್ ಹುಡುಗನ ರಕ್ತ ನಾರ್ಮಲ್, ಮೂಳೆಯೊಳಗಿನ ಮ್ಯಾರೋನೂ ನಾರ್ಮಲ್. ಆದರೂ ನಮ್ಮ ಪೆಥಾಲಜಿ ಮೇಡಂ ಲ್ಯುಕೇಮಿಯಾ, ಬ್ಲಡ್ ಕ್ಯಾನ್ಸರ್, ಇರಬಹುದು ಅಂತಾರಲ್ಲಮ್ಮಾ" ಅಂತ ನಿನ್ನೆ ನೀನು ಕೇಳಿದೆ. ಅಷ್ಟರಲ್ಲಿ ನಿನ್ನ ಡ್ಯೂಟಿ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಮೇಡಂ ಮನಸ್ಸಿನಲ್ಲಿರುವುದು ಮೈಲಾಯ್ಡ್ ಸಾರ್ಕೋಮಾ. ಹೆಸರಿನಲ್ಲಿ ಸಾರ್ಕೋಮಾ, ಅಂದರೆ ಮಾಂಸ-ಮೂಳೆಯ ಕ್ಯಾನ್ಸರ್, ಅಂತಿದ್ದರೂ ಅದು ಎಎಂಎಲ್ ಎಂಬ ತೀವ್ರ ಬ್ಲಡ್ ಕ್ಯಾನ್ಸರಿನ ಬಳಗದ್ದೇ. ಮ್ಯಾರೋದಲ್ಲಿ ಇರಬೇಕಾದ ಎಳೆಯ ರಕ್ತಕಣಗಳು ಬೇರೆಲ್ಲೋ ಗುಂಪುಕಟ್ಟಿ ಗಂಟಾಗುತ್ತವೆ. ಚರ್ಮ, ಒಸಡು, ಕರುಳು, ಎಲ್ಲಾದರೂ ಸರಿ. ಬೆನ್ನುಹುರಿ ಒತ್ತಿ ಕಾಲು ಸೋತವರು ನ್ಯೂರೋದವರ ಹತ್ತಿರ ಹೋಗುತ್ತಾರೆ. ನಿನ್ನ ಆ ಪೇಷಂಟ್ ಹುಡುಗನ ಹಾಗೆ ಕಣ್ಣುಗುಡ್ಡೆ ಮುಂದೆ ಬಂದ ಮಕ್ಕಳು ಕಣ್ಣಿನ ಡಾಕ್ಟರ ಹತ್ತಿರ. ಲ್ಯುಕೇಮಿಯಾ ಯಾರ ತಲೆಗೂ ಹೊಳೆಯುವುದಿಲ್ಲ. ಕೆಲವರಿಗೆ ರಕ್ತದಲ್ಲಿ ಕಾಣಿಸಿಕೊಳ್ಳುವುದಕ್ಕೆ ತಿಂಗಳುಗಟ್ಟಲೆ ಮುಂಚೆಯೇ ಗಂಟು ಬಂದಿರುತ್ತದೆ.

ಕಾಯಿಲೆ ಹೊಸದೇನಲ್ಲ. 1811ರಲ್ಲೇ ಸ್ಕಾಟ್ಲೆಂಡಿನ ಅಲನ್ ಬರ್ನ್ಸ್ ಬರೆದಿದ್ದಾನೆ. 1853ರಲ್ಲಿ ಕಿಂಗ್ ಎಂಬಾತ ಗಂಟಿನ ಹಸಿರು ಬಣ್ಣ ನೋಡಿ ಅದನ್ನು ಕ್ಲೋರೋಮಾ ಅಂದ. ನಾನು ಪಿಜಿಯಲ್ಲಿದ್ದಾಗ ಅಂಥದ್ದೊಂದು ಹಸಿ ಗಂಟು ಕತ್ತರಿಸಿದ್ದೆ. ಒಳಗೆಲ್ಲ ಹೆಸರುಕಾಳಿನ ಬಣ್ಣ! ಗಾಳಿ ತಾಗಿ ನೋಡನೋಡುತ್ತಲೇ ಮಂಕಾಯಿತು. ಎಲ್ಲ ಗಂಟೂ ಹಸಿರಿರುವುದಿಲ್ಲ, ಬೂದಿ ಬಣ್ಣದವೂ ಉಂಟು. ಆ ಹಸಿರು ಕೊಡುವುದು ಈ ಕಣಗಳಲ್ಲಿರುವ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವ. ನೀವು ಎಂಪಿಓ ಅಂತ ಸ್ಟೇನ್ ಮಾಡುತ್ತೀರಲ್ಲ, ಅದೇ.

ನೀನು ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್, ಅಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ, ಎಚ್ ಅಂಡ್ ಇ ಎಂಬ ಮಾಮೂಲಿ ಸ್ಟೇನ್‌ನಲ್ಲಿ ಎರಡೂ ಒಂದೇ ಥರ. ಆ ಸ್ಲೈಡ್ ಮತ್ತೆ ಹಾಕಿ ಹೈ ಪವರ್‌ನಲ್ಲಿ ನಿಧಾನವಾಗಿ ಹುಡುಕು. ಕೆಂಪು ಕಾಳು ತುಂಬಿದ ಎಳೆ ಬಿಳಿರಕ್ತಕಣಗಳಾದ ಇಯೋಸಿನೋಫಿಲ್‌ಗಳು ಅಲ್ಲಲ್ಲಿ ಸಿಕ್ಕರೆ ಅನುಮಾನ ಪಡು. ಸಿಗದಿದ್ದರೂ ಬಿಡಬೇಡ. ಲಿಂಫೋಮಾ ಗುರುತಿಸುವ ಸಿಡಿ20, ಸಿಡಿ3 ಸ್ಟೇನ್ ಎರಡೂ ನೆಗೆಟಿವ್, ಸಿಡಿ43 ಮಾತ್ರ ಪಾಸಿಟಿವ್ ಅಂದರೆ ಟಿ-ಸೆಲ್ ಲಿಂಫೋಮಾ ಅಂತ ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ನನಗೆ ಸಿಟ್ಟು ಬರುವುದು ಅಲ್ಲೇ. ಮೈಲಾಯ್ಡ್ ಕಣ ಗುರುತಿಸುವ ಎಂಪಿಓ, ಸಿಡಿ117, ಲೈಸೋಜೈಮ್ ಸ್ಟೇನ್ ಹಾಕಿಸಲು ಇನ್ನೆಷ್ಟು ಹೊತ್ತು?

ಯಾಕೆಂದರೆ ಔಷಧಿಯೇ ಬೇರೆ. ಲಿಂಫೋಮಾದ ಕೀಮೋ ಇದಕ್ಕೆ ಸಾಲದು. ಗಂಟು ತೆಗೆದು ಅಥವಾ ಬರೀ ರೇಡಿಯೇಷನ್ ಕೊಟ್ಟು ಸುಮ್ನಿದ್ದರೆ, ಹೆಚ್ಚಿನವರಲ್ಲಿ ಕೆಲವೇ ತಿಂಗಳಲ್ಲಿ ಎಎಂಎಲ್ ಕಾಣಿಸಿಕೊಳ್ಳುತ್ತದೆ. ಮ್ಯಾರೋ ನಾರ್ಮಲ್ ಇದ್ದರೂ ಎಎಂಎಲ್ ಕೀಮೋನೇ ಕೊಡಬೇಕು. ಟಿಶ್ಯೂ ಉಳಿದಿದ್ದರೆ 8 ಮತ್ತು 21ನೇ ಕ್ರೋಮೋಸೋಮುಗಳ ತುಂಡು ಅದಲುಬದಲಾದ 8;21 ಟ್ರಾನ್ಸ್‌ಲೊಕೇಶನ್ ನೋಡಿಸಲು ಮೇಡಂನ ಕೇಳು. ಮಕ್ಕಳ ಕೇಸಿನಲ್ಲಿ ಅದು ಸಿಗುವುದು ಜಾಸ್ತಿ.

ಎಂಪಿಓ ಪಾಸಿಟಿವ್ ಬಂದರೆ ಮೇಡಂಗೆ ತೋರಿಸಿ, ಆಂಕಾಲಜಿಯವರಿಗೆ ನೀನೇ ಹೋಗಿ ಹೇಳು. ರಿಪೋರ್ಟ್ ಟೈಪಾಗುವ ತನಕ ಕಾಯಬೇಡ.

ನಿನ್ನ ಅಮ್ಮ